ತೊಟ್ಟಿಯ ಮೀನು, ತೊರೆಯ ನೀರು

ಕೊಲಂಬೊದಿಂದ ಉತ್ತರಕ್ಕೆ ಜಾ-ಎಲ, ಸೀದುವ ಊರುಗಳನ್ನು ಹಾದು ನೆಗೊಂಬೊಗೆ ಹೋಗುವ ದಾರಿಯಲ್ಲಿ ಕಟುನಾಯಕ ವಿಮಾನ ನಿಲ್ದಾಣ ಸಿಗುತ್ತದೆ. ಶ್ರೀಲಂಕೆಗೆ ಬರುವ ಪ್ರವಾಸಿಗರಲ್ಲಿ ಬಹುತೇಕರು ಇಳಿಯುವುದು ಇಲ್ಲೇ. ಕಡಲತೀರ, ಕ್ಯಾಂಡಿಯ ದಂತ ದೇಗುಲ, ನುವರ ಎಲಿಯದ ಚಹಾತೋಟ ಎಂದು ಅವರು ಹೊರಡುವ ಹೊತ್ತಿಗೆ ಅದೇ ನಿಲ್ದಾಣದ ಸರಕು ವಿಭಾಗದಿಂದ ಬಿಳಿ ಥರ್ಮೋಕೋಲ್ ಪೆಟ್ಟಿಗೆಗಳು ಯುರೋಪು, ಅಮೆರಿಕ, ಜಪಾನುಗಳಿಗೆ ಹೊರಡುತ್ತಿರುತ್ತವೆ. ಒಳಗಿರುವುದು ಜೀವಂತ ಬಣ್ಣದ ಮೀನು. 1950ರ ದಶಕದಲ್ಲಿ ಶುರುವಾದ ಈ ರಫ್ತು ಚಹಾ, ಸಿದ್ಧ ಉಡುಪು, ದಾಲ್ಚಿನ್ನಿಗಳ ಮುಂದೆ ಇವತ್ತಿಗೂ ಸಣ್ಣದೇ. ಆದರೆ ಒಂದು ದ್ವೀಪ ತನ್ನ ನೀರನ್ನೂ ಆ ನೀರಿನ ಜೀವಗಳನ್ನೂ ಹೇಗೆ ಬಳಸಿಕೊಳ್ಳಬೇಕು ಎಂಬ ಪ್ರಶ್ನೆಯನ್ನು ಇಷ್ಟು ಸ್ಪಷ್ಟವಾಗಿ ಮುಂದಿಡುವ ಕಸುಬು ಇನ್ನೊಂದು ಸಿಗುವುದು ಕಷ್ಟ. ಹೊಳೆಯಿಂದಲೋ ಹವಳದ ದಿಬ್ಬದಿಂದಲೋ ಮೀನು ಹಿಡಿದು ಮಾರುವುದಕ್ಕಿಂತ ತೊಟ್ಟಿಯಲ್ಲಿ ಸಾಕಿ ಮಾರುವುದು ಮೇಲು ಎಂದು ಸರ್ಕಾರಗಳೂ ಪರಿಸರವಾದಿಗಳೂ ಅಕ್ವೇರಿಯಂ ಅಂಗಡಿಯವರೂ ಸಾಮಾನ್ಯವಾಗಿ ಒಪ್ಪುತ್ತಾರೆ. ಕಟುನಾಯಕದಿಂದ ಒಳನಾಡಿನ ಹಿತ್ತಿಲುಗಳಿಗೆ, ಅಲ್ಲಿಂದ ದ್ವೀಪದ ನೈಋತ್ಯದ ಮಳೆಕಾಡಿಗೆ ಹೋಗುವ ದಾರಿಯಲ್ಲಿ ಸಿಗುವ ಸಾಕ್ಷ್ಯ ಆ ಮಾತನ್ನು ಅರ್ಧದಷ್ಟೇ ಬೆಂಬಲಿಸುತ್ತದೆ. ಸಾಕಣೆ ಮೀನನ್ನು ಬಲೆಯಿಂದ ಪಾರು ಮಾಡುತ್ತದೆ, ನಿಜ. ಅದರ ಜೊತೆಗೇ ಮೀನಿಗೂ ಅದು ಹುಟ್ಟಿದ ತೊರೆಗೂ ಇದ್ದ ನಂಟನ್ನು ಕಡಿದುಹಾಕುತ್ತದೆ. ಆ ನಂಟನ್ನು ಮತ್ತೆ ಕಟ್ಟುವ ಏರ್ಪಾಡು ಇಲ್ಲದಿದ್ದರೆ ಮೀನು ಎಲ್ಲೋ ಒಂದು ಕಡೆ ಉಳಿದೀತು, ತೊರೆ ಉಳಿಯಲಾರದು.

ಗಂಪಹ, ಕುರುಣೇಗಲ ಜಿಲ್ಲೆಗಳು ತೆಂಗಿನ ಸೀಮೆ. ಮೀನು ಸಾಕುವ ಮನೆಗಳ ಹಿತ್ತಿಲಲ್ಲಿ, ತೆಂಗಿನ ಸಾಲುಗಳ ನಡುವೆ, ಸಿಮೆಂಟ್ ತೊಟ್ಟಿಗಳು, ಮಣ್ಣಿನ ಹೊಂಡಗಳು ಇರುತ್ತವೆ. ಮಿಂಚುಳ್ಳಿಯೂ ಕೊಕ್ಕರೆಯೂ ಎರಗದಂತೆ ಅವುಗಳ ಮೇಲೆ ಬಲೆ ಬಿಗಿದಿರುತ್ತದೆ. ಶ್ರೀಲಂಕೆ ಸಾಕಿ ಮಾರುವ ಮೀನುಗಳಲ್ಲಿ ಮುಖ್ಯವಾದದ್ದು ಗಪ್ಪಿ. ಅದು ಮೊಟ್ಟೆಯಿಡುವ ಮೀನಲ್ಲ, ನೇರ ಮರಿ ಹಾಕುತ್ತದೆ. ಸುಮಾರು ನಾಲ್ಕು ವಾರಕ್ಕೊಂದು ಸೂಲು. ಇಷ್ಟು ಸುಲಭವಾಗಿ ಹೆಚ್ಚುವ ಮೀನನ್ನು ಸಾಕುವುದರಲ್ಲಿ ಏನು ವಿದ್ಯೆ ಎನಿಸಬಹುದು. ವಿದ್ಯೆಯೆಲ್ಲ ಇರುವುದು ತಳಿಯನ್ನು ಕೆಡದಂತೆ ಕಾಯುವುದರಲ್ಲಿ. ಹೆಣ್ಣು ಗಪ್ಪಿ ಒಮ್ಮೆ ಕೂಡಿದ ಗಂಡಿನ ವೀರ್ಯವನ್ನು ತಿಂಗಳುಗಟ್ಟಲೆ ಒಳಗೇ ಇಟ್ಟುಕೊಂಡು ಸೂಲಿನ ಮೇಲೆ ಸೂಲು ಹಾಕಬಲ್ಲದು. ಹಾಗಾಗಿ ಬೇರೆ ತಳಿಯ ಒಂದೇ ಒಂದು ಗಂಡು ತೊಟ್ಟಿಗೆ ನುಸುಳಿದರೂ ಮುಂದಿನ ಹಲವು ಸೂಲುಗಳ ಬಣ್ಣ ಹಾಳು. ಅದಕ್ಕೇ ಮರಿಗಳು ಬಲಿಯುವ ಮೊದಲೇ ಗಂಡು ಹೆಣ್ಣು ಬೇರೆ ಮಾಡಬೇಕು. ಹೊಟ್ಟೆಯ ಕೆಳಗಿನ ಹಿಂಬದಿಯ ಈಜುರೆಕ್ಕೆ ಅಗಲವಾಗಿ ಉಳಿದರೆ ಹೆಣ್ಣು, ಕಡ್ಡಿಯ ಹಾಗೆ ಕಿರಿದಾಗಿ ನೀಳವಾಗತೊಡಗಿದರೆ ಗಂಡು. ಮೈಬಣ್ಣ ಇನ್ನೂ ಮೂಡಿರದ, ಅಕ್ಕಿಕಾಳಿಗಿಂತ ತುಸು ದೊಡ್ಡ ಮರಿಯಲ್ಲಿ ಈ ವ್ಯತ್ಯಾಸವನ್ನು ಹಗಲ ಬೆಳಕಿನಲ್ಲಿ, ಬಿಳಿಯ ಬೋಗುಣಿಯಲ್ಲಿ ಹಾಕಿಕೊಂಡು ಒಂದೊಂದನ್ನಾಗಿ ನೋಡಿ ಆರಿಸಬೇಕು. ತಾಯಿ ತನ್ನ ಮರಿಯನ್ನೇ ತಿನ್ನುವುದರಿಂದ ಮರಿಗಳು ನುಸುಳಿ ಪಾರಾಗಲು ನೀರುಗಿಡವನ್ನೋ ಬಲೆಯ ಬುಟ್ಟಿಯನ್ನೋ ಇಡಬೇಕು. ಪಕ್ಕದ ತೊಟ್ಟಿಯಲ್ಲಿ ಕೋಳಿಗೊಬ್ಬರವನ್ನೋ ಸಗಣಿಯನ್ನೋ ಕದಡಿ ನೀರನ್ನು ಹಸಿರಾಗಿಸಿ, ಅದರಲ್ಲಿ ಮೊಯಿನಾ ಎಂಬ ಚುಕ್ಕೆಯಷ್ಟು ಗಾತ್ರದ ಜೀವಿಯನ್ನು ಬೆಳೆಸಿ, ಮರಿಗಳಿಗೆ ಸೋಸಿ ಹಾಕಬೇಕು. ಬಾಲದ ಅಂಚು ಹರಿದದ್ದು, ಬೆನ್ನು ಬಾಗಿದ್ದು, ಬಣ್ಣ ಮಾಸಿದ್ದು ತಾಯಿ ತೊಟ್ಟಿಗೆ ಹೋಗಕೂಡದು. ತಲೆಮಾರಿನಿಂದ ತಲೆಮಾರಿಗೆ ಹೀಗೆ ಆರಿಸುತ್ತ ಬಂದಿರುವುದರಿಂದಲೇ ಆ ಬೀಸಣಿಗೆ ಬಾಲ, ಆ ಹಾವುಪೊರೆಯಂಥ ಚಿತ್ತಾರ ಉಳಿದಿವೆ. ಇದು ಒಂದು ನಾಡು ಹೆಮ್ಮೆ ಪಡಬೇಕಾದ ಕುಶಲ ಕೆಲಸ. ಇದಕ್ಕೆ ದೊಡ್ಡ ಜಮೀನು ಬೇಕಿಲ್ಲ, ಮನೆ ಬಿಟ್ಟು ದೂರ ಹೋಗಬೇಕಿಲ್ಲ.

ಹಿತ್ತಿಲಿನಿಂದ ಮೀನು ರಫ್ತುದಾರರ ಗೋದಾಮಿಗೆ ಬಂದ ಮೇಲೆ ಅದರ ಲೆಕ್ಕವೇ ಬದಲಾಗುತ್ತದೆ. ಒಂದೆರಡು ದಿನ ಮೇವು ಕೊಡದೆ ಹೊಟ್ಟೆ ಖಾಲಿ ಮಾಡಿಸುತ್ತಾರೆ. ಹಾಗೆ ಮಾಡದಿದ್ದರೆ ಚೀಲದ ನೀರಿನಲ್ಲಿ ಅಮೋನಿಯ ಏರಿ ದಾರಿಯಲ್ಲೇ ಮೀನು ಸಾಯುತ್ತದೆ. ಪಾಲಿಥೀನ್ ಚೀಲದಲ್ಲಿ ಮೂರನೇ ಒಂದು ಪಾಲಿನಷ್ಟು ನೀರು, ಮಿಕ್ಕ ಜಾಗಕ್ಕೆಲ್ಲ ಆಮ್ಲಜನಕ; ಬಾಯಿ ತಿರುಚಿ ರಬ್ಬರ್ ಬ್ಯಾಂಡ್ ಬಿಗಿದು, ಚೀಲಗಳನ್ನು ಥರ್ಮೋಕೋಲ್ ಪೆಟ್ಟಿಗೆಯಲ್ಲಿ ಒತ್ತಾಗಿ ಜೋಡಿಸಿ, ಆರೋಗ್ಯ ಪ್ರಮಾಣಪತ್ರ ಲಗತ್ತಿಸಿ ವಿಮಾನಕ್ಕೆ ಕಳಿಸುತ್ತಾರೆ. ವಿಮಾನ ಕಂಪನಿಗೆ ತೆರುವ ಬಾಡಿಗೆ ಪೆಟ್ಟಿಗೆಯ ತೂಕದ ಮೇಲೆ, ಆ ತೂಕದಲ್ಲಿ ಬಹುಪಾಲು ನೀರಿನದು. ಯುರೋಪಿನ ಅಂಗಡಿಯಲ್ಲಿ ಒಂದು ಗಪ್ಪಿಗೆ ಗಿರಾಕಿ ಕೊಡುವ ಬೆಲೆಯಲ್ಲಿ ಹಿತ್ತಿಲಿನ ಸಾಕಣೆದಾರರಿಗೆ ಸೇರುವುದು ಸಣ್ಣ ಚೂರು. ಉಳಿದದ್ದು ಬಾಡಿಗೆ, ಮಧ್ಯವರ್ತಿ, ಕ್ವಾರಂಟೈನ್, ಅಂಗಡಿ ಎಂದು ಹಂಚಿಹೋಗುತ್ತದೆ. ನಷ್ಟದ ಹೊರೆ ಮಾತ್ರ ಈ ತುದಿಯಲ್ಲೇ ಹೆಚ್ಚು. 2020ರಲ್ಲಿ ಕೊರೊನಾದಿಂದ ವಿಮಾನಗಳು ನಿಂತವು. 2022ರಲ್ಲಿ ದೇಶವೇ ದಿವಾಳಿಯ ಅಂಚಿಗೆ ಬಂದು, ಮಾರ್ಚ್ ಕೊನೆಯ ಹೊತ್ತಿಗೆ ದಿನಕ್ಕೆ 13 ಗಂಟೆ ಕರೆಂಟು ಹೋಯಿತು. ಒತ್ತಾಗಿ ಮೀನು ತುಂಬಿದ ತೊಟ್ಟಿಯಲ್ಲಿ ಗಾಳಿ ಪಂಪು ನಿಂತರೆ ಏನಾಗುತ್ತದೆ ಎಂದು ಯಾರೂ ವಿವರಿಸಬೇಕಿಲ್ಲ. ಈ ವಿಷಯವನ್ನು ಇಲ್ಲಿ ಎತ್ತಲು ಕಾರಣವಿದೆ. ಸಾಕಣೆಯ ಮೀನು ಎಲ್ಲಿ ಬೇಕಾದರೂ ಸಾಕಬಹುದಾದ ಮೀನು. ಒಂದು ನಾಡಿಗೆ ಸಂಕಟ ಬಂದರೆ ಕೊಳ್ಳುವವರು ಇನ್ನೊಂದು ನಾಡಿನ ತೊಟ್ಟಿಗೆ ತಿರುಗುತ್ತಾರೆ. ಗಪ್ಪಿಗೆ ಶ್ರೀಲಂಕೆಯೇ ಆಗಬೇಕೆಂದಿಲ್ಲ.

ಕಡಲಿನ ಕಡೆ ನೋಡಿದರೆ ಸಾಕಣೆಯ ಪರವಾದ ವಾದ ಎಷ್ಟು ಬಲವಾದದ್ದು ಎಂಬುದು ತಿಳಿಯುತ್ತದೆ, ಅದನ್ನು ಮರೆಮಾಚಬಾರದು. ಸಿಹಿನೀರಿನ ಅಲಂಕಾರಿಕ ಮೀನುಗಳಲ್ಲಿ ಬಹುಪಾಲು ಸಾಕಿದವು, ಸಮುದ್ರದವುಗಳಲ್ಲಿ ಬಹುಪಾಲು ಹಿಡಿದವು. ಸಮುದ್ರದ ಮೀನುಗಳ ಮರಿ ಮೊದಲ ದಿನಗಳಲ್ಲಿ ತೇಲುವ ಕಣದಷ್ಟು ಸಣ್ಣ, ಅದು ತಿನ್ನುವ ಮೇವು ಅದಕ್ಕಿಂತಲೂ ಸಣ್ಣ. ಕ್ಲೌನ್‌ಫಿಶ್‌ನಂಥ ಕೆಲವನ್ನು ಬಿಟ್ಟರೆ ಉಳಿದವುಗಳನ್ನು ತೊಟ್ಟಿಯಲ್ಲಿ ಬೆಳೆಸುವುದು ಲಾಭಕ್ಕೆ ಕಟ್ಟುವುದಿಲ್ಲ. ಶ್ರೀಲಂಕೆಯಲ್ಲಿ ಮೀನು ಹಿಡಿಯುವ ಮುಳುಗುಗಾರರು ಮುಂಗಾರಿನಲ್ಲಿ ಕದಡುವ ನೈಋತ್ಯ ತೀರವನ್ನು ಬಿಟ್ಟು ತ್ರಿಕೋಣಮಲೆಯ ಕಡೆಗೆ, ಹಿಂಗಾರಿನಲ್ಲಿ ಮತ್ತೆ ಪಶ್ಚಿಮಕ್ಕೆ ಹೋಗಿ ಬರುತ್ತಾರೆ. ಬೆನ್ನಿಗೆ ಗಾಳಿಯ ಸಿಲಿಂಡರ್ ಕಟ್ಟಿಕೊಂಡು ಆಳಕ್ಕಿಳಿದು ಬೇಗ ಮೇಲೆ ಬಂದರೆ ರಕ್ತದಲ್ಲಿ ಗುಳ್ಳೆಯೆದ್ದು ಕೈಕಾಲು ಬಿದ್ದುಹೋಗುವ ಅಪಾಯ ಈ ಕಸುಬಿನ ಜೊತೆಯಲ್ಲೇ ಇದೆ. ಫಿಲಿಪ್ಪೀನ್ಸಿನಲ್ಲಿ 1960ರ ದಶಕದಿಂದ ಸಯನೈಡ್ ಸಿಂಪಡಿಸಿ ಮೀನಿಗೆ ಮಂಪರು ತರಿಸಿ ಹಿಡಿಯುವ ಕೆಟ್ಟ ಪದ್ಧತಿ ಹಬ್ಬಿ, ಹವಳವೂ ಸತ್ತಿತು, ಹಿಡಿದ ಮೀನೂ ದಿನಗಳಲ್ಲಿ ಸತ್ತಿತು. 1998ರಲ್ಲಿ ಕಡಲು ಬಿಸಿಯಾಗಿ ಹಿಕ್ಕಡುವದ ಹವಳದ ದಿಬ್ಬ ಬಿಳಿಚಿ ಸತ್ತುಹೋದಾಗ, ಹವಳವನ್ನೇ ತಿಂದು ಬದುಕುವ ಚಿಟ್ಟೆಮೀನುಗಳಿಗೆ ಬಲೆಗಿಂತ ದೊಡ್ಡ ಶತ್ರು ಬೇರೆ ಇದೆ ಎಂಬುದೂ ಗೊತ್ತಾಯಿತು. ಹಾಗೆಂದು ಕಡಲಿನ ಮೀನು ಹಿಡಿಯುವುದನ್ನು ಪೂರಾ ತಳ್ಳಿಹಾಕಲೂ ಆಗದು. 2000ದ ಮಾಲ್ಡೀವ್ಸ್ ಲೆಕ್ಕದ ಪ್ರಕಾರ ಒಂದು ಕಿಲೊ ಅಲಂಕಾರಿಕ ಮೀನಿಗೆ ಹತ್ತಿರ ಹತ್ತಿರ 500 ಡಾಲರ್, ಊಟಕ್ಕೆ ಹಿಡಿದ ಅದೇ ದಿಬ್ಬದ ಮೀನಿಗೆ ಕಿಲೊಗೆ 6 ಡಾಲರ್. ಕಡಿಮೆ ಮೀನು, ಹೆಚ್ಚು ಹಣ. ದಿಬ್ಬ ಚೆನ್ನಾಗಿದ್ದರಷ್ಟೇ ಆ ಹಣ ಬರುತ್ತದೆ ಎಂಬ ಅರಿವು ದಡದವರಿಗೆ ಇದ್ದರೆ, ದಿಬ್ಬಕ್ಕೆ ಒಬ್ಬ ಕಾವಲುಗಾರ ಸಿಕ್ಕ ಹಾಗೆ. ತೊಟ್ಟಿಯ ಮೀನು ಅಂಥ ಕಾವಲುಗಾರನನ್ನು ಹುಟ್ಟಿಸುವುದಿಲ್ಲ.

ಇದನ್ನು ಸಿಹಿನೀರಿನಲ್ಲಿ ಕಾಣಬೇಕಾದರೆ ತೆಂಗಿನ ಸೀಮೆಯನ್ನು ಬಿಟ್ಟು ಕೆಳನಿ, ಕಳು, ಗಿನ್, ನಿಲ್ವಳಾ ನದಿಗಳ ಸೀಮೆಗೆ ಹೋಗಬೇಕು. ನಮ್ಮ ಪಶ್ಚಿಮ ಘಟ್ಟವೂ ಶ್ರೀಲಂಕೆಯೂ ಸೇರಿ ಜಗತ್ತಿನ ಜೀವವೈವಿಧ್ಯದ ಒಂದೇ ಸೂಕ್ಷ್ಮ ತಾಣ ಎಂದು ವಿಜ್ಞಾನಿಗಳು ಲೆಕ್ಕ ಹಾಕುತ್ತಾರೆ. 1988ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಸಿಂಹರಾಜ ಕಾಡಿನ ಸುತ್ತಮುತ್ತ ನಡೆದವರಿಗೆ ಆಗುಂಬೆಯ, ಕುದುರೆಮುಖದ ನೆನಪಾಗುವುದು ಸಹಜ. ಅದೇ ಬಿಡದ ಮಳೆ, ಅದೇ ಜಿಗಣೆ, ಎಲೆ ಕೊಳೆತ ಕಂದು ಬಣ್ಣದ ತಣ್ಣನೆಯ ನೀರು. ನಮ್ಮ ಕಡೆಯ ಧೂಪದ ಮರದ ಹತ್ತಿರದ ಸಂಬಂಧಿಯೊಂದು ಇಲ್ಲಿದೆ, ಸಿಂಹಳದಲ್ಲಿ ಹಾಲ್ ಮರ. ಅದರ ನೆರಳಿನ ತೊರೆಗಳಲ್ಲಿ ಬೆರಳ ಗೆಣ್ಣಿನಷ್ಟೇ ಉದ್ದದ, ಹೊಂಬಣ್ಣದ ಮೀನು ಗುಂಪಾಗಿ ಆಡುತ್ತದೆ. ನೀರಿಗೆ ಉದುರಿದ ಹಾಲ್ ಹೂವಿನ ಹೆಸರನ್ನೇ ಊರವರೂ ವಿಜ್ಞಾನಿಯೂ ಅದಕ್ಕೆ ಇಟ್ಟರು. ಹಾಲ್‌ಮಲ್ ದಂಡಿಯ ಎಂದು ಊರವರು ಕರೆಯುತ್ತಾರೆ. ಅದನ್ನು 1930ರಲ್ಲಿ ವರ್ಣಿಸಿದವರು ಮುಂದೆ ಸಿಲೋನಿನ ವಸ್ತುಸಂಗ್ರಹಾಲಯಗಳ ನಿರ್ದೇಶಕರಾದ ಪಿ.ಇ.ಪಿ. ದೆರಣಿಯಗಲ. ಅದಕ್ಕೆ ಒಂದು ವರ್ಷ ಮೊದಲು ಅವರೇ ಚೆರ್‍ರಿ ಬಾರ್ಬ್ ಎಂದು ಇವತ್ತು ಲೋಕಪ್ರಸಿದ್ಧವಾಗಿರುವ ಕೆಂಪು ಮೀನನ್ನು ವರ್ಣಿಸಿದ್ದರು. ಪಕ್ಕದಲ್ಲಿ ಕಪ್ಪು ಪಟ್ಟೆ ಹೊತ್ತು, ಮರಿ ಮಾಡುವ ಕಾಲಕ್ಕೆ ಗಂಡಿನ ಮುಖವೆಲ್ಲ ಕಡುಗೆಂಪಾಗುವ ಬ್ಲ್ಯಾಕ್ ರೂಬಿ ಬಾರ್ಬ್ ಕೂಡ ಇದೇ ತೊರೆಗಳದ್ದು. ಈ ಮೂರೂ ಶ್ರೀಲಂಕೆಯ ಹೊರಗೆ ಬೇರೆಲ್ಲೂ ಹುಟ್ಟಿದವಲ್ಲ.

ಇವುಗಳಲ್ಲಿ ಚೆರ್‍ರಿ ಬಾರ್ಬಿನ ಕಥೆಯನ್ನೇ ಹಿಡಿದು ನೋಡಬೇಕು. 1930ರ ದಶಕದಲ್ಲಿ ಅದು ಯುರೋಪಿನ ಹವ್ಯಾಸಿಗಳ ಕೈ ಸೇರಿತು. ಸೌಮ್ಯ ಸ್ವಭಾವ, ಸುಲಭವಾಗಿ ಮರಿ ಮಾಡುವ ಗುಣ, ಗಂಡಿನ ಆ ಕೆಂಪು. ಎಲ್ಲವೂ ಅಕ್ವೇರಿಯಂಗೆ ಹೇಳಿ ಮಾಡಿಸಿದ ಹಾಗೆ. ಇವತ್ತು ಆಗ್ನೇಯ ಏಷ್ಯಾದಲ್ಲಿ, ಫ್ಲೋರಿಡಾದಲ್ಲಿ, ಮಧ್ಯ ಯುರೋಪಿನಲ್ಲಿ ಅದನ್ನು ಸಾಕುತ್ತಾರೆ. ಬಿಳಿ ತಳಿ, ಉದ್ದ ರೆಕ್ಕೆಯ ತಳಿ ಎಂದು ಬೇರೆ ಬೇರೆ ಮಾಡಿದ್ದಾರೆ. ಅಂಗಡಿಯಲ್ಲಿರುವ ಚೆರ್‍ರಿ ಬಾರ್ಬ್ ಬಹುಪಾಲು ಶ್ರೀಲಂಕೆಯ ನೀರನ್ನೇ ಕಂಡಿರುವುದಿಲ್ಲ. ಸಾಕಣೆಯ ಪರವಾದವರು ಇದನ್ನೇ ಗೆಲುವು ಎನ್ನುತ್ತಾರೆ: ಬೇಡಿಕೆಯನ್ನೆಲ್ಲ ತೊಟ್ಟಿಗಳೇ ಪೂರೈಸುವಾಗ ಕಾಡಿನ ತೊರೆಯಲ್ಲಿ ಬಲೆ ಹಾಕುವವರು ಯಾರು? ಮಾತು ಸರಿ. ಆದರೆ ತೊರೆಗೆ ಏನಾಯಿತು ಎಂದು ಕೇಳಿದರೆ ಈ ಗೆಲುವು ಉತ್ತರ ಕೊಡುವುದಿಲ್ಲ. ಮಳೆಕಾಡಿನ ಬಹುಭಾಗ ಚಹಾ, ರಬ್ಬರ್ ತೋಟವಾಗಿದೆ. ದಂಡೆಯ ನೆರಳು ಹೋದರೆ ನೀರು ಬಿಸಿಯೇರುತ್ತದೆ, ತಳದ ಕಲ್ಲಿಗೆ ಹೂಳು ಮೆತ್ತುತ್ತದೆ, ಮೊಟ್ಟೆ ಅಂಟಿಕೊಳ್ಳುವ ಬೇರು ಸೊಪ್ಪು ಇಲ್ಲವಾಗುತ್ತದೆ. ರತ್ನಪುರದ ಸುತ್ತ ಹರಳಿಗಾಗಿ ತೋಡುವ ಗುಂಡಿಗಳ ಕೆಸರು ಕಳು ನದಿಯ ಹಳ್ಳಗಳಿಗೆ ಇಳಿಯುತ್ತದೆ. ಮರಳು ಎತ್ತುತ್ತಾರೆ, ಗದ್ದೆಗೆ ಕೀಟನಾಶಕ ಹೊಡೆಯುತ್ತಾರೆ, ಕಿರು ಜಲವಿದ್ಯುತ್ ಯೋಜನೆಗೆ ತೊರೆಯನ್ನು ಕೊಳವೆಗೆ ತಿರುಗಿಸುತ್ತಾರೆ. ಇವರಲ್ಲಿ ಯಾರೂ ಮೀನಿನ ಮೇಲೆ ದ್ವೇಷವಿದ್ದು ಹೀಗೆ ಮಾಡುವವರಲ್ಲ. ಚಹಾದಿಂದ ಕಾಸು ಬರುತ್ತದೆ, ಹರಳಿನಿಂದ ಬರುತ್ತದೆ, ಮರಳಿನಿಂದ ಬರುತ್ತದೆ. ಆ ಮೀನಿನಿಂದ ಮಾತ್ರ ಏನೂ ಬರುವುದಿಲ್ಲ. ಅದರಿಂದ ಬರಬೇಕಾಗಿದ್ದ ಕಾಸು ಸಾವಿರಾರು ಮೈಲಿ ದೂರದ, ಹೀಟರ್ ಇಟ್ಟು ಬೆಚ್ಚಗೆ ಮಾಡಿದ ತೊಟ್ಟಿಯವರಿಗೆ ಹೋಗುತ್ತಿದೆ. ಜೈವಿಕ ಸಂಪತ್ತಿನ ಮೇಲೆ ಆಯಾ ನಾಡಿನ ಹಕ್ಕನ್ನು ಒಪ್ಪಿದ ಅಂತರರಾಷ್ಟ್ರೀಯ ಒಡಂಬಡಿಕೆ ಬಂದದ್ದು 1992ರಲ್ಲಿ, ಲಾಭ ಹಂಚಿಕೆಯ ನಗೋಯಾ ಒಪ್ಪಂದ 2010ರಲ್ಲಿ. ಅದಕ್ಕೆ ಎಷ್ಟೋ ದಶಕ ಮೊದಲೇ ಈ ಮೀನು ದ್ವೀಪ ಬಿಟ್ಟು ಹೋಗಿತ್ತು.

ಇದೇ ಪ್ರಶ್ನೆಯನ್ನು ಇನ್ನೂ ಕಟುವಾಗಿ ತೋರಿಸುವ ಜಾಗ ಬ್ರೆಜಿಲಿನ ರಿಯೊ ನೀಗ್ರೊ ನದಿ. ಅದರ ದಂಡೆಯ ಬಾರ್ಸೆಲೋಸ್ ಊರಿನ ಸುತ್ತಲಿನ ಜನ ಹಲವು ದಶಕ ಕಾರ್ಡಿನಲ್ ಟೆಟ್ರಾ ಎಂಬ ಪುಟ್ಟ ಮೀನನ್ನು ಕೈಬಲೆಯಲ್ಲಿ ಹಿಡಿದು ಮಾರಿ ಬದುಕಿದರು. ಮಳೆಗಾಲದಲ್ಲಿ ಕಾಡಿನೊಳಗೆ ನುಗ್ಗುವ ನದಿ ಬೇಸಗೆಯಲ್ಲಿ ಇಳಿದಾಗ, ಕುಂಟೆಗಳಲ್ಲಿ ಸಿಕ್ಕಿಬಿದ್ದ ಲೆಕ್ಕವಿಲ್ಲದಷ್ಟು ಮೀನು ಹೇಗೂ ಸಾಯುತ್ತದೆ. ಅದರಲ್ಲಿ ಒಂದು ಪಾಲು ಹಿಡಿದರೆ ಸಂತತಿಗೆ ಧಕ್ಕೆಯಿಲ್ಲ ಎಂದು ಅಲ್ಲಿ ಕೆಲಸ ಮಾಡಿದ ಪ್ರಾಜೆಕ್ಟ್ ಪಿಯಾಬಾ ವಿಜ್ಞಾನಿಗಳು ತೋರಿಸಿದರು. ಮೀನು ಕೊಂಡರೆ ಮರ ಉಳಿಯುತ್ತದೆ ಎಂಬುದು ಅವರ ಘೋಷಣೆಯಾಯಿತು, ಅದರಲ್ಲಿ ಉತ್ಪ್ರೇಕ್ಷೆ ಇರಲಿಲ್ಲ. ಮೀನು ಬರಬೇಕಾದರೆ ಕಾಡು ಇರಬೇಕು ಎಂದು ಅಲ್ಲಿಯ ಜನರಿಗೆ ಯಾರೂ ಪಾಠ ಹೇಳಬೇಕಾಗಿರಲಿಲ್ಲ. ಆಮೇಲೆ ಬೇರೆ ದೇಶದ ತೊಟ್ಟಿಗಳಲ್ಲಿ ಆ ಮೀನು ಮರಿ ಮಾಡತೊಡಗಿತು, ರಿಯೊ ನೀಗ್ರೊದ ವ್ಯಾಪಾರ ಕುಗ್ಗಿತು. ಸಾಕಿದ ಮೀನು ಕೊಂಡವರು ಪರಿಸರಕ್ಕೆ ಒಳ್ಳೆಯದು ಮಾಡಿದೆವೆಂದೇ ನಂಬಿದ್ದರು. ಅವರ ಉದ್ದೇಶದಲ್ಲಿ ತಪ್ಪು ಹುಡುಕಬೇಕಿಲ್ಲ. ಕಾಡಿನ ಜೊತೆ ಹೊಂದಿಕೊಂಡಿದ್ದ ಒಂದು ಜೀವನೋಪಾಯ ಸಡಿಲಾದಾಗ ಅದೇ ಜನ ದನ ಮೇಯಿಸಲು ಕಾಡು ಸವರುವ ಕಡೆಗೆ, ಚಿನ್ನದ ಗಣಿಯ ಕಡೆಗೆ ತಿರುಗುವ ಅಪಾಯವನ್ನು ಅವರಿಗೆ ಯಾರೂ ಹೇಳಿರಲಿಲ್ಲ.

ಹಾಗಾದರೆ ಕಾಡಿನ ಮೀನನ್ನೇ ಹಿಡಿದು ಮಾರೋಣವೇ ಎಂದು ಕೇಳುವವರಿಗೆ ಸುಲಾವೇಸಿಯ ಬಂಗ್ಗಾಯ್ ದ್ವೀಪಗಳ ಉದಾಹರಣೆ ಸಾಕು. ಅಲ್ಲಿಯ ಬಂಗ್ಗಾಯ್ ಕಾರ್ಡಿನಲ್ ಮೀನಿನಲ್ಲಿ ಗಂಡು ಬಾಯೊಳಗೆ ಮೊಟ್ಟೆ ಕಾಯುತ್ತದೆ. ಮೊಟ್ಟೆಗಳ ಸಂಖ್ಯೆ ಕೆಲವೇ ಡಜನ್, ಮರಿಗಳು ತೇಲಿ ದೂರ ಹೋಗುವುದೂ ಇಲ್ಲ. 1990ರ ದಶಕದಲ್ಲಿ ಅದು ಅಕ್ವೇರಿಯಂ ಲೋಕದ ಕಣ್ಣಿಗೆ ಬಿದ್ದ ಮೇಲೆ ವರ್ಷಕ್ಕೆ ಲಕ್ಷಗಟ್ಟಲೆ ಹಿಡಿದರು. 2007ರ ಹೊತ್ತಿಗೆ ಅದು ಅಳಿವಿನಂಚಿನ ಪಟ್ಟಿ ಸೇರಿತು. ಅಂಥ ಮೀನಿಗೆ ಸಾಕಣೆಯೇ ಸರಿಯಾದ ದಾರಿ. ನಮ್ಮ ಮನೆಯಂಗಳದಲ್ಲೂ ಇದಕ್ಕೆ ಸಾಕ್ಷಿ ಇದೆ. 2005ರಿಂದ 2012ರ ನಡುವೆ ಭಾರತದಿಂದ ಅಪಾಯದಲ್ಲಿರುವ 30 ಜಾತಿಗಳ 15 ಲಕ್ಷಕ್ಕೂ ಹೆಚ್ಚು ಸಿಹಿನೀರಿನ ಮೀನು ರಫ್ತಾದವು ಎಂದು 2013ರಲ್ಲಿ ಪ್ರಕಟವಾದ ಅಧ್ಯಯನ ಬಯಲಿಗೆಳೆಯಿತು. ಅವುಗಳಲ್ಲಿ ಮುಖ್ಯವಾದವು ಎರಡು: ಕಪ್ಪು ಪಟ್ಟೆಯ ಮೇಲೆ ಕೆಂಪು ಗೆರೆಯೆಳೆದ ಮಿಸ್ ಕೇರಳ, ನಮ್ಮ ತುಂಗೆಯಂಥ ಕೃಷ್ಣಾ ಕಣಿವೆಯ ಹೊಳೆಗಳಲ್ಲಿ ಸಿಗುವ ಪಟ್ಟೆಪಟ್ಟೆಯ ಬೋಶಿಯಾ ಸ್ಟ್ರಯಾಟಾ. ಮಿಸ್ ಕೇರಳ ಹಿಡಿಯುವುದಕ್ಕೆ ಕೇರಳ 2008ರಲ್ಲಿ ನಿರ್ಬಂಧ ಹಾಕಿತು. ಹಿಡಿಯಬಾರದೆಂದು ಗೊತ್ತು ಮಾಡಿದ ತಿಂಗಳುಗಳಿಗೂ ಮೀನು ನಿಜವಾಗಿ ಮರಿ ಮಾಡುವ ಕಾಲಕ್ಕೂ ತಾಳೆಯಾಗಲಿಲ್ಲ ಎಂದು ತಜ್ಞರು ಆಮೇಲೆ ತೋರಿಸಿದರು. ತೊರೆಯನ್ನು ಬಲ್ಲವರನ್ನು ಕೇಳದೆ ಮಾಡಿದ ಕಾನೂನಿಗೆ ಹೀಗಾಗುವುದು ಹೊಸದಲ್ಲ. ಹಾಗಾಗಿ ನನ್ನ ವಾದ ಸಾಕಣೆಯ ವಿರುದ್ಧವಲ್ಲ. ಯಾವ ಮೀನನ್ನು, ಎಲ್ಲಿ, ಯಾರು ಸಾಕುತ್ತಾರೆ, ಅದರಿಂದ ಬಂದದ್ದರಲ್ಲಿ ಮೂಲದ ನೀರಿಗೆ ಏನು ಮರಳುತ್ತದೆ ಎಂಬುದರ ಮೇಲೆ ಅದರ ಒಳಿತು ಕೆಡುಕು ನಿಂತಿದೆ ಎಂಬುದಷ್ಟೇ.

ಇಲ್ಲೊಂದು ನ್ಯಾಯವಾದ ಆಕ್ಷೇಪವಿದೆ, ಅದನ್ನು ದಾಟಿಹೋಗುವಂತಿಲ್ಲ. ಗಪ್ಪಿ ಶ್ರೀಲಂಕೆಯ ಮೀನೇ ಅಲ್ಲ. ಅದರ ತವರು ವೆನೆಜುವೆಲ, ಟ್ರಿನಿಡಾಡ್. 1859ರಲ್ಲಿ ಪೀಟರ್ಸ್ ಎಂಬ ಜರ್ಮನ್ ವಿಜ್ಞಾನಿ ವೆನೆಜುವೆಲದ ಮೀನುಗಳಿಂದ ಅದನ್ನು ವರ್ಣಿಸಿದರು. ಟ್ರಿನಿಡಾಡಿನಿಂದ ಲಂಡನ್ನಿಗೆ ಅದನ್ನು ಕಳಿಸಿದ ಲೆಕ್‌ಮಿಯರ್ ಗಪ್ಪಿಯವರ ಹೆಸರು 1866ರಲ್ಲಿ ಅದಕ್ಕೆ ಅಂಟಿತು. ಸೊಳ್ಳೆ ಮರಿ ತಿನ್ನುತ್ತದೆಂದು ಆಮೇಲೆ ಅದನ್ನು ಲೋಕವೆಲ್ಲ ಹರಡಿದರು. ಕರ್ನಾಟಕದ ಹಳ್ಳಿಗಳ ಬಾವಿಗಳಿಗೂ ಮಲೇರಿಯಾ ತಡೆಯಲೆಂದು ಗಪ್ಪಿ ಬಿಟ್ಟಿದ್ದಾರೆ, ಅದರಿಂದ ಪ್ರಯೋಜನವಾಯಿತೆಂಬ ಅಧ್ಯಯನಗಳೂ ಇವೆ. ಟ್ರಿನಿಡಾಡಿಗೆ ಶ್ರೀಲಂಕೆ ಏನನ್ನೂ ಕೊಡುತ್ತಿಲ್ಲವಲ್ಲ, ಚೆರ್‍ರಿ ಬಾರ್ಬಿಗೆ ಮಾತ್ರ ಏಕೆ ಲೆಕ್ಕ ಕೇಳಬೇಕು ಎಂದರೆ ಉತ್ತರ ಹೀಗೆ. ಗಪ್ಪಿ ತನ್ನ ತವರಿನಲ್ಲಿ ಸಮೃದ್ಧವಾಗಿದೆ, ಎಂಥ ನೀರಿಗೂ ಒಗ್ಗಿಕೊಳ್ಳುತ್ತದೆ. ಅದರ ಉಳಿವು ಯಾರ ದುಡ್ಡಿನ ಮೇಲೂ ನಿಂತಿಲ್ಲ. ಕೆಲವೇ ಕಣಿವೆಗಳ ನೆರಳು ನೀರಿಗೆ ಕಟ್ಟುಬಿದ್ದ ಮೀನಿನ ಸ್ಥಿತಿ ಬೇರೆ. ಮೇಲಾಗಿ ಈ ಆಕ್ಷೇಪ ನನ್ನ ವಾದವನ್ನೇ ಗಟ್ಟಿ ಮಾಡುತ್ತದೆ. ತನ್ನದಲ್ಲದ ಮೀನನ್ನು ಸಾಕಿ ಒಂದು ದ್ವೀಪ ರಫ್ತಿನಲ್ಲಿ ಹೆಸರು ಮಾಡಬಹುದಾದರೆ, ರಫ್ತಿನ ಯಶಸ್ಸಿಗೂ ಆ ದ್ವೀಪದ ತೊರೆಗಳ ಆರೋಗ್ಯಕ್ಕೂ ಸಂಬಂಧವಿಲ್ಲ ಎಂದಾಯಿತು. ಇದರ ಕೊನೆಯ ರೂಪ ಸಿಂಗಾಪುರ. ಅಲಂಕಾರಿಕ ಮೀನಿನ ವ್ಯಾಪಾರದಲ್ಲಿ ದಶಕಗಳ ಕಾಲ ಲೋಕದ ಮುಂಚೂಣಿಯಲ್ಲಿದ್ದ ಆ ದ್ವೀಪದಲ್ಲಿ ಮೂಲದ ಸಿಹಿನೀರಿನ ಮೀನುಗಳಿಗೆ ಉಳಿದಿರುವ ಮುಖ್ಯ ನೆಲೆ ನೀ ಸೂನ್ ಜೌಗುಕಾಡಿನ ತುಣುಕು. ತೊರೆಗಳು ಹೋದರೂ ವ್ಯಾಪಾರ ನಡೆಯಿತು, ಬೆಳೆಯಿತು. ಶ್ರೀಲಂಕೆಗೆ ಆ ದಾರಿ ತಕ್ಕುದಲ್ಲ, ಏಕೆಂದರೆ ಕಳೆದುಕೊಳ್ಳಲು ಅದರ ಬಳಿ ಇನ್ನೂ ಬಹಳ ಇದೆ.

ಶ್ರೀಲಂಕೆಯ ಸರ್ಕಾರ ಸುಮ್ಮನೆ ಕುಳಿತಿಲ್ಲ. 1996ರ ಮೀನುಗಾರಿಕೆ ಕಾಯ್ದೆಯಡಿ 1998ರಲ್ಲಿ ಬಂದ ನಿಯಮಗಳು ಕೆಲವು ಜಾತಿಗಳ ರಫ್ತನ್ನು ಪೂರ್ತಿ ನಿಷೇಧಿಸಿ, ಕೆಲವಕ್ಕೆ ಪರವಾನಗಿ ಕಡ್ಡಾಯ ಮಾಡಿದವು. ರಾಷ್ಟ್ರೀಯ ಜಲಕೃಷಿ ಅಭಿವೃದ್ಧಿ ಪ್ರಾಧಿಕಾರವು ರಂಬೊಡಗಲ್ಲ, ಗಿನಿಗತ್ಹೇನ, ಸೇವಾನಪಿಟಿಯಗಳಲ್ಲಿ ಅಲಂಕಾರಿಕ ಮೀನಿನ ತಳಿ ಕೇಂದ್ರಗಳನ್ನು ನಡೆಸುತ್ತಿದೆ. ನಿಷೇಧ ಬೇಕು, ಆದರೆ ಬರೀ ನಿಷೇಧ ಮೀನಿನಿಂದ ಬರಬಹುದಾದ ಕೊನೆಯ ಕಾಸನ್ನೂ ತೊರೆಯ ದಂಡೆಯವರಿಂದ ದೂರ ಮಾಡುತ್ತದೆ. ಶ್ರೀಲಂಕೆಯ ಸಿಹಿನೀರಿನ ಮೀನುಗಳ ಕುರಿತು 1991ರಲ್ಲಿ ಮಹತ್ವದ ಗ್ರಂಥ ತಂದ ರೋಹನ್ ಪೆತಿಯಗೊಡ, ಕಾನೂನಿನ ಬಿಗಿ ಹಿಡಿತ ಅಧ್ಯಯನವನ್ನೂ ಸಂರಕ್ಷಣೆಯನ್ನೂ ಕಷ್ಟವಾಗಿಸುತ್ತದೆ ಎಂದು ವಾದಿಸುತ್ತ ಬಂದವರು. ಅವರ ಮಾತನ್ನು ಇನ್ನೊಂದು ಹೆಜ್ಜೆ ಮುಂದೆ ಒಯ್ಯಬೇಕು. ಹಿತ್ತಿಲಿನಲ್ಲಿ ಗಪ್ಪಿಯ ಗಂಡು ಹೆಣ್ಣು ಆರಿಸುವ ಆ ಕಣ್ಣು ಮತ್ತು ಕೈ ಮಳೆಕಾಡಿನ ಅಂಚಿನ ಹಳ್ಳಿಗಳಿಗೂ ಬರಬೇಕು, ಅಲ್ಲಿ ಸಾಕುವ ಮೀನು ಆ ತೊರೆಯದ್ದೇ ಆಗಿರಬೇಕು. ತಾಯಿ ಮೀನನ್ನು ಪರವಾನಗಿಯ ಮೇಲೆ, ಮಿತವಾಗಿ, ಕಣ್ಣೆದುರಿನ ತೊರೆಯಿಂದಲೇ ತರಬೇಕು. ಹೊರದೇಶದ ಅಗ್ಗದ ಚೆರ್‍ರಿ ಬಾರ್ಬಿನ ಮುಂದೆ ಇದು ನಿಲ್ಲದು ಎನ್ನುವವರಿದ್ದಾರೆ. ಅವರ ಲೆಕ್ಕದಲ್ಲಿ ಒಂದು ಅಂಶ ಬಿಟ್ಟುಹೋಗಿದೆ. ಹತ್ತಾರು ತಲೆಮಾರು ತೊಟ್ಟಿಯಲ್ಲೇ ಒಳಗೊಳಗೇ ಕೂಡಿದ ತಳಿಗೆ ಹೊಸ ರಕ್ತ ಬೇಕಾಗುತ್ತದೆ, ಅದನ್ನು ಕೊಡಬಲ್ಲದ್ದು ಮೂಲದ ನಾಡು ಮಾತ್ರ. ಇಂಥ ತೊರೆಯ ಸಂತತಿ ಎಂದು ಹೇಳಬಲ್ಲ ಮೀನಿಗೆ ಬೆಲೆ ಕೊಡುವ ಹವ್ಯಾಸಿಗಳು ಯುರೋಪಿನಲ್ಲೂ ಜಪಾನಿನಲ್ಲೂ ಇದ್ದಾರೆ. ಬಾಡಿಗೆಯೇ ಬೆಲೆಯ ದೊಡ್ಡ ಪಾಲನ್ನು ನುಂಗುವ ಈ ವ್ಯಾಪಾರದಲ್ಲಿ ಹಳ್ಳಿಯವರ ಕೈಗೆ ಇನ್ನೆರಡು ಪಟ್ಟು ಸೇರಿಸಿ ಕೊಟ್ಟರೂ ಗಿರಾಕಿಗೆ ಅದು ಹೆಚ್ಚೆನಿಸುವುದಿಲ್ಲ.

ಅಪಾಯವೂ ಇದೆ, ಅದನ್ನು ಮೊದಲೇ ಹೇಳಿಬಿಡಬೇಕು. ಅಲಂಕಾರಿಕ ಮೀನಿನ ಜೊತೆ ಬಂದ ನೈಫ್‌ಫಿಶ್ ಕೊಲಂಬೊದ ದಕ್ಷಿಣದ ಬೊಲ್ಗೊಡ ಸರೋವರದಂಥ ನೀರುಗಳಿಗೆ ತಪ್ಪಿಸಿಕೊಂಡು ಸ್ಥಳೀಯ ಮೀನನ್ನು ತಿಂದು ಬೆಳೆದಿದೆ. ಗಾಜು ಚೊಕ್ಕಟ ಮಾಡುತ್ತದೆಂದು ತರುವ ಹೀರುಬಾಯಿಯ ಕ್ಯಾಟ್‌ಫಿಶ್ ಅಲ್ಲಿಯ ಕೆರೆಗಳಲ್ಲೂ ನಮ್ಮ ದಕ್ಷಿಣ ಭಾರತದ ಕೆರೆಗಳಲ್ಲೂ ಹಬ್ಬುತ್ತಿದೆ. ಊರಿನ ಮೀನನ್ನೇ ಸಾಕಿದರೆ ಈ ಭಯ ಕಡಿಮೆ, ಇಲ್ಲವೇ ಇಲ್ಲ ಎನ್ನುವಂತಿಲ್ಲ. ಹಾಲ್‌ಮಲ್ ದಂಡಿಯದ ಗುಂಪಿನಲ್ಲಿ ನಿಜಕ್ಕೂ ಎಷ್ಟು ಜಾತಿಗಳಿವೆ ಎಂದು ವಿಜ್ಞಾನಿಗಳೇ ಇತ್ತೀಚಿನವರೆಗೂ ಚರ್ಚಿಸುತ್ತಿದ್ದರು. ಅಂಥಲ್ಲಿ ಕಳು ನದಿಯ ಮೀನನ್ನು ನಿಲ್ವಳಾ ಬದಿಯ ತೊಟ್ಟಿಯಲ್ಲಿ ಸಾಕಿ, ಮಳೆಗೆ ತೊಟ್ಟಿ ತುಂಬಿ ಹರಿದರೆ ಸಾವಿರಾರು ವರ್ಷ ಬೇರೆಯಾಗಿ ಬಾಳಿದ ಸಂತತಿಗಳು ಒಂದೇ ವರ್ಷದಲ್ಲಿ ಬೆರೆತುಹೋಗಬಹುದು. ಒಂದು ಕಣಿವೆಯ ಮೀನು ಆ ಕಣಿವೆಯಲ್ಲಿ ಮಾತ್ರ ಎಂಬ ನಿಯಮ ಮೊದಲ ತೊಟ್ಟಿ ಕಟ್ಟುವ ಮೊದಲೇ ಇರಬೇಕು. ಎಲ್ಲ ಮೀನೂ ಮಾರಾಟಕ್ಕಲ್ಲ ಎಂಬುದೂ ಅಷ್ಟೇ ಮುಖ್ಯ. ಕೆಗಲ್ಲೆ ಜಿಲ್ಲೆಯ ಗಲಪಿಟಮಡದ ಬಳಿ, ರಬ್ಬರ್ ತೋಟ, ಗದ್ದೆಗಳ ನಡುವೆ ಹರಿಯುವ ಒಂದು ಸಣ್ಣ ತೊರೆಯಲ್ಲಿ 1991ರಲ್ಲಿ ಬಂದುಲ ಬಾರ್ಬ್ ಎಂಬ ಜಾತಿ ವಿಜ್ಞಾನಕ್ಕೆ ಗೊತ್ತಾಯಿತು. ಅದು ಯಾವ ಕಾಯ್ದಿಟ್ಟ ಕಾಡಿನೊಳಗೂ ಇಲ್ಲ, ಸಾಗುವಳಿಯ ನೆಲದ ನೀರಿನಲ್ಲಿದೆ. ಅದು ಬದುಕುವುದೂ ಸಾಯುವುದೂ ಗದ್ದೆಯ ಅಂಚಿನ ಪೊದೆ ಸವರಬೇಕೇ, ಯಾವ ಔಷಧಿ ಯಾವಾಗ ಹೊಡೆಯಬೇಕು ಎಂದು ದಿನನಿತ್ಯ ತೀರ್ಮಾನಿಸುವ ಬೇಸಾಯಗಾರರ ಕೈಯಲ್ಲಿದೆ. ಅಷ್ಟು ಅಪರೂಪದ ಮೀನನ್ನು ಪೆಟ್ಟಿಗೆಗೆ ತುಂಬಲಾಗದು, ತುಂಬಲೂಬಾರದು. ಕಟುನಾಯಕದಿಂದ ಹೊರಡುವ ಚೆರ್‍ರಿ ಬಾರ್ಬ್, ಗಪ್ಪಿಗಳ ಬೆಲೆಯಲ್ಲಿ ಒಂದು ಪಾಲನ್ನು ತೆಗೆದಿಟ್ಟು, ದಂಡೆಯ ಪೊದೆ ಉಳಿಸಿ ಔಷಧಿ ಬಿಟ್ಟ ಗದ್ದೆಯವರ ಇಳುವರಿ ನಷ್ಟವನ್ನು ಅದರಿಂದ ತುಂಬಿಕೊಡುವ ಕೆಲಸ ಗಲಪಿಟಮಡದಿಂದಲೇ ಶುರುವಾಗಬಹುದು.